ಹಿಂದಕ್ಕೆ ಬೀಸಿದ ಹುರಿ

ಸೀರೆಗೆ ಕುಚ್ಚು ಕಟ್ಟುವ ನನ್ನ ರೇಷ್ಮೆ ದಾರದ ಉಂಡೆಗಳೆಲ್ಲ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿವೆ. ಮದುವೆಯ ಕಾಲದಲ್ಲಿ ಹೊಳೆನರಸೀಪುರದ ನಮ್ಮ ಮನೆಗೆ ಚನ್ನರಾಯಪಟ್ಟಣದಿಂದಲೂ ಸೀರೆ ಹಿಡಿದು ಬರುವ ಹೆಂಗಸರು ಬಣ್ಣ ಆರಿಸುವ ನೆಪದಲ್ಲಿ ಆ ಡಬ್ಬಿಯನ್ನು ಕೆದಕುವುದು ವಾಡಿಕೆ. ಮೊನ್ನೆ ಹಾಗೆ ಕೆದಕಿದ ಒಬ್ಬರು ಕಿಟಾರನೆ ಕಿರುಚಿ ಕೈ ಹಿಂದಕ್ಕೆಳೆದುಕೊಂಡರು. ಡಬ್ಬಿಯ ಮೂಲೆಯಲ್ಲಿ ಹಸಿರು ಮೈಯ, ಬೂದು ರೆಕ್ಕೆಯ ನೊಣವೊಂದು ಕೂತಿತ್ತು. ಅದು ಹಾರುವ ನೊಣವಲ್ಲ, ನಾನೇ ಕಟ್ಟಿದ್ದು. ಪುಟ್ಟ ಗಾಳಕ್ಕೆ ಕುಚ್ಚಿನ ದಾರ ಸುತ್ತಿ, ಅಂಗಳದಲ್ಲಿ ಬಿದ್ದಿದ್ದ ಪಾರಿವಾಳದ ಗರಿ ಸಿಕ್ಕಿಸಿದ್ದು. "ಲಿಂಗ ಕಟ್ಕೊಂಡಿರೋ ಮನೇಲಿ ಗಾಳ ಯಾಕ್ರೀ?" ಎಂದು ಆಕೆ ಹುಬ್ಬೇರಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಗುತ್ತಾ ಮಾತು ಮರೆಸಿದೆ. ನಿಮ್ಮ ಹತ್ತಿರ ಮರೆಸುವುದಿಲ್ಲ.

ನಮ್ಮ ಮನೆತನದವರಿಗೆ ಮೀನೆಂದರೆ ತಟ್ಟೆಯ ಮಾತಲ್ಲ, ರಾಮನಾಥಪುರದ ಮಾತು. ಅರಕಲಗೂಡು ತಾಲ್ಲೂಕಿನ ಆ ಊರಿನಲ್ಲಿ, ಕಾವೇರಿಯ ಮೆಟ್ಟಿಲ ಬುಡದಲ್ಲಿ, ಕೊಬ್ಬಿದ ಮೀನುಗಳು ಯಾರ ಭಯವೂ ಇಲ್ಲದೆ ಬಾಯಿ ತೆರೆದು ಬರುತ್ತವೆ. ಅವು ದೇವರ ಮೀನುಗಳು, ಯಾರೂ ಹಿಡಿಯುವಂತಿಲ್ಲ. ಅಜ್ಜಿ ನಮ್ಮ ಪುಟ್ಟ ಬೊಗಸೆಗಳಿಗೆ ಕಡ್ಲೆಪುರಿ ಸುರಿದು ನೀರಿಗೆ ಹಾಕಿಸುತ್ತಿದ್ದಳು. ಮೀನು ಬಂದು ಪುರಿ ಕಚ್ಚಿದ ಕ್ಷಣವೇ "ಕೈ ಮುಗೀರಿ" ಎನ್ನುತ್ತಿದ್ದಳು. ನಾವು ಮುಗಿಯುತ್ತಿದ್ದೆವು. ಮೀನು ಬಾಯಿ ಹಾಕಿದರೆ ಕೈ ಮುಗಿಯಬೇಕು ಎಂಬ ಅಭ್ಯಾಸ ಹೀಗೆ ಬುದ್ಧಿ ಬಲಿಯುವ ಮೊದಲೇ ಕೈಗೆ ಬಂದುಬಿಟ್ಟಿತ್ತು.

ಭಾವ, ಅಂದರೆ ನನ್ನ ಅಕ್ಕನ ಗಂಡ, ಆಯಸ್ಸಿನ ಬಹುಪಾಲನ್ನು ನೀಲಗಿರಿಯ ಟೀ ಎಸ್ಟೇಟೊಂದರಲ್ಲಿ ಕಳೆದವರು. ಅಲ್ಲಿಯ ತಣ್ಣನೆಯ ಹೊಳೆಗಳಲ್ಲಿ ಟ್ರೌಟ್ ಎಂಬ ಮೀನಿದೆಯಂತೆ. ನೀರ ಮೇಲಾಡುವ ಹುಳುವನ್ನು ನೆಗೆದು ಹಿಡಿಯುವ ಆ ಮೀನನ್ನು, ಹುಳುವಿನದೇ ವೇಷ ತೊಟ್ಟ ಗಾಳದಿಂದ ಮರುಳು ಮಾಡುವ ವಿದ್ಯೆಯೂ ಇದೆಯಂತೆ. ಭಾವ ಅದನ್ನು ಕಲಿತರು. ಹಿಡಿದದ್ದನ್ನು ಅಲ್ಲೇ ನೀರಿಗೆ ಬಿಡುತ್ತಿದ್ದರು, ಅದಕ್ಕೆಂದೇ ಮೀನನ್ನು ಕಚ್ಚಿಹಿಡಿಯುವ ಗಾಳದ ಒಳಮುಳ್ಳನ್ನು ಉಜ್ಜಿ ನುಣುಪು ಮಾಡಿಟ್ಟಿರುತ್ತಿದ್ದರು. ಆದರೂ ಅಕ್ಕನಿಗೆ ಅದು ನಾಲ್ಕು ಜನರ ಮುಂದೆ ಆಡುವ ಮಾತಾಗಿರಲಿಲ್ಲ. ನಿವೃತ್ತರಾಗಿ ಊರಿಗೆ ಬಂದ ಮೇಲೆ ಆ ಗಾಳದ ಕೋಲು ಬಟ್ಟೆಯ ಚೀಲ ಸೇರಿ ಬೀರುವಿನ ಮೇಲೇರಿತು; ನೆಂಟರು ಕೇಳಿದರೆ ಪರದೆಯ ಕಡ್ಡಿ ಎನ್ನುತ್ತಿದ್ದಳು. "ಭಾವ, ನಿಮ್ಮ ಪರದೆ ಏಳೋದು ಯಾವಾಗ?" ಎಂದು ನಾನು ನಾದಿನಿಯ ಸಲಿಗೆಯಲ್ಲಿ ರೇಗಿಸಿದರೆ, ಅವರು ನನ್ನ ಕುಚ್ಚುಗಳಿಗೆ ಎಮ್ಮೆ ಬಾಲ ಎಂದು ಹೆಸರಿಟ್ಟು ಸೇಡು ತೀರಿಸಿಕೊಂಡಿದ್ದರು.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಬಲಗೈ ಸೋತಿತು, ಮಾತು ತುಂಡುತುಂಡಾಯಿತು, ಆಮೇಲೆ ನಿಂತೇ ಹೋಯಿತು. ಹಾಸನದ ಡಾಕ್ಟರು, ಮಾತು ಒಳಗೆ ಇದೆ, ಹೊರಗೆ ಬರಲು ಹೊತ್ತು ಬೇಕು, ಅವರಾಗಿ ಆಡಬೇಕೆನ್ನಿಸುವಂತೆ ಮಾಡಿ, ಹೀಗೇ ಬಿಟ್ಟರೆ ಸುಮ್ಮನಿರುವುದೇ ಅಭ್ಯಾಸವಾಗಿಬಿಡುತ್ತದೆ ಎಂದರು. ಭಾವ ಗೋಡೆಗೆ ಮುಖ ಮಾಡಿ ಕೂರತೊಡಗಿದರು. ಅಕ್ಕ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು, "ಇವರು ಇಂಗೇ ಮೂಕರಾಗೋದ್ರೆ ನಾನು ಯಾರ್ ಜೊತೆ ಜಗಳ ಆಡ್ಲೇ? ನೀನಾದ್ರೂ ಏನಾರ ಮಾಡೇ" ಎಂದು ಅತ್ತಳು. ಕುಚ್ಚು ಕಟ್ಟುವವಳಿಗೆ ಬೇರೇನು ಹೊಳೆಯಬೇಕು? ಬೀರುವಿನ ಮೇಲಿಂದ ಪರದೆಯ ಕಡ್ಡಿಯನ್ನು ಇಳಿಸಿ ಅವರ ಮಡಿಲಿಗಿಟ್ಟು, "ಭಾವ, ನಂಗಿದು ಕಲಿಸಿ" ಎಂದೆ. ಬಹಳ ದಿನಗಳ ಮೇಲೆ ಅವರ ಮುಖ ಗೋಡೆಯಿಂದ ಈಚೆಗೆ ತಿರುಗಿತು.

ಗೊರೂರಿನ ಅಣೆಯಿಂದ ಹೆಚ್ಚು ನೀರು ಬಿಡದ ದಿನಗಳಲ್ಲಿ ನಮ್ಮ ಹೇಮಾವತಿ ಮೊಣಕಾಲುದ್ದ ತಿಳಿಯಾಗಿ ಹರಿಯುತ್ತದೆ. ಅದರಲ್ಲಿ ಟ್ರೌಟ್ ಇಲ್ಲ. ಗೆಂಡೆಯಿದೆ, ಪಕ್ಕೆಯಿದೆ, ಹುಳು ಕಂಡರೆ ನೆಗೆಯುವ ಚಪಲ ಅವಕ್ಕೂ ಇದೆ. ಬೆಳಗಿನ ಹೊತ್ತು ದಂಡೆಯ ಹೊಂಗೆಮರದಡಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಭಾವ, ಪಕ್ಕದಲ್ಲಿ ಕಾಫಿಯ ಫ್ಲಾಸ್ಕು ಹಿಡಿದು, ಯಾರಾದರೂ ನೋಡುತ್ತಾರೇನೋ ಎಂದು ಸೆರಗು ತಲೆಗೆಳೆದುಕೊಂಡ ಅಕ್ಕ, ಸೀರೆ ಮೇಲೆತ್ತಿ ಕಟ್ಟಿ ನೀರಿಗಿಳಿದ ನಾನು.

ನೀವು ಈ ಕೋಲನ್ನು ಕಂಡಿರಲಿಕ್ಕಿಲ್ಲ, ಅದಕ್ಕೇ ಹೇಳುತ್ತೇನೆ. ಸಾಮಾನ್ಯ ಗಾಳದಲ್ಲಿ ತುದಿಯ ಗುಂಡಿನ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ನೊಣಕ್ಕೆ ತೂಕವೇ ಇಲ್ಲ, ತೂಕವೆಲ್ಲ ದಪ್ಪನೆಯ ಹುರಿಯದು. ಮುಂದಕ್ಕೆ ಎಸೆಯಬೇಕಾದರೆ ಮೊದಲು ಹಿಂದಕ್ಕೆ ಬೀಸಬೇಕು. ಬೆನ್ನ ಹಿಂದೆ, ನಮಗೆ ಕಾಣದ ಜಾಗದಲ್ಲಿ, ಹುರಿ ಪೂರ್ತಿ ಚಾಚಿಕೊಳ್ಳುವ ತನಕ ಕೈ ತಡೆದು ನಿಂತು, ಆಮೇಲೆ ಮುಂದಕ್ಕೆ. ಹೇಳುವುದಕ್ಕೇನೋ ಸಲೀಸು. ನಾನು ಬೀಸಿದ್ದೇ ಬೀಸಿದ್ದು, ಹುರಿ ಒಮ್ಮೆ ನನ್ನ ಕೊರಳಿಗೆ ಸುತ್ತಿಕೊಂಡರೆ ಇನ್ನೊಮ್ಮೆ ಹೊಂಗೆಯ ಕೊಂಬೆಗೆ. ನಾನು ಕಷ್ಟಪಟ್ಟು ಕಟ್ಟಿದ ನೊಣಗಳು ಆ ಮರದಲ್ಲೇ ಸಂಸಾರ ಹೂಡಿದವು.

ಭಾವನ ತುಟಿ ಅಲುಗುತ್ತಿತ್ತು, ಮಾತು ಬರುತ್ತಿರಲಿಲ್ಲ. ಕೊನೆಗೆ ಅವರು ಎಡಗೈ ಬೆರಳಿನಿಂದ ಕುರ್ಚಿಯ ತೋಳನ್ನು ತಟ್ಟಿದರು. ಒಂದು ತಟ್ಟು, ಉದ್ದನೆಯ ಬಿಡುವು, ಇನ್ನೊಂದು ತಟ್ಟು. ಮೊದಲ ತಟ್ಟಿಗೆ ಹಿಂದಕ್ಕೆ ಬೀಸಿ, ಎರಡನೆಯದು ಕೇಳುವವರೆಗೆ ಮೈಯೆಲ್ಲ ಕಿವಿಯಾಗಿ ನಿಂತೆ. ಎಂಥ ಉದ್ದದ ಬಿಡುವು ಅದು! ಎರಡನೆಯ ತಟ್ಟಿಗೆ ಕೈ ಮುಂದೆ ಬಂದಾಗ ಹುರಿ ತಾನಾಗಿ ಬಿಚ್ಚಿಕೊಂಡು ಹೋಗಿ, ನೊಣ ನೀರ ಮೇಲೆ ಸದ್ದಿಲ್ಲದೆ ಕೂತಿತು.

ಆ ಬಿಡುವಿನಲ್ಲಿ ನಿಂತಾಗಲೇ ನನಗೆ ಒಂದು ಸಂಗತಿ ಅರಿವಾದದ್ದು. ಭಾವ ಬಾಯಿ ತೆರೆದು ಒಂದಕ್ಷರ ಆಡುವಷ್ಟರಲ್ಲಿ ಅಕ್ಕ "ನೀರು ಬೇಕಾ?" ಎನ್ನುತ್ತಿದ್ದಳು, ನಾನು "ಫ್ಯಾನ್ ಹಾಕ್ಲಾ?" ಎನ್ನುತ್ತಿದ್ದೆ. ಪ್ರೀತಿಯಿಂದಲೇ ಅನ್ನುತ್ತಿದ್ದೆವು, ಕಷ್ಟಪಡುವುದನ್ನು ನೋಡಲಾರದೆ. ಅವರ ಮಾತು ಬೆನ್ನ ಹಿಂದೆ ಎಲ್ಲೋ ಇನ್ನೂ ಚಾಚಿಕೊಳ್ಳುತ್ತಿರುವಾಗಲೇ ನಾವು ಕೋಲು ಕಿತ್ತುಕೊಂಡು ಮುಂದಕ್ಕೆ ಬೀಸಿಬಿಡುತ್ತಿದ್ದೆವು. ಹಾಗೆ ಬೀಸಿದ್ದು ಎಲ್ಲಿಗೆ ತಲುಪೀತು? ಆ ದಿನ ಮನೆಗೆ ಹೋಗುತ್ತಾ ಅಕ್ಕನಿಗೆ ಇದನ್ನು ಹೇಳಿದೆ. ಅವಳು ಫ್ಲಾಸ್ಕನ್ನು ಎದೆಗೊತ್ತಿಕೊಂಡು ನಡೆದಳು.

ಅದಾದ ಮೇಲೆ ಒಂದು ಬೆಳಗ್ಗೆ, ಬಂಡೆಯ ನೆರಳಲ್ಲಿ ಕೂತ ನನ್ನ ನೊಣದ ಕೆಳಗೆ ನೀರು ಸಣ್ಣಗೆ ಉಬ್ಬಿತು. ಬೆಳ್ಳಗೆ ಏನೋ ಹೊರಳಿತು. ಗೆಂಡೆಯೊಂದು ನಾನು ಕಟ್ಟಿದ್ದನ್ನು ನಿಜವೆಂದು ನಂಬಿ ಬಾಯಿ ಹಾಕಿತ್ತು! ಕೋಲು ಬಾಗಿತು, ಎದೆ ಹಾರಿತು, ಆಗ ನಾನು ಮಾಡಿದ್ದೇನು ಗೊತ್ತೇ? ಎರಡೂ ಕೈ ಎತ್ತಿ ಭಕ್ತಿಯಿಂದ ಮುಗಿದೆ.

ಕೈ ಮುಗಿದರೆ ಕೋಲು ಹಿಡಿಯುವವರು ಯಾರು? ಅದು ನೀರಿಗೆ ಬಿದ್ದು ಗೆಂಡೆಯ ಹಿಂದೆ ಹೊರಟಿತು. "ಕೋಲು!" ಎಂಬ ಕೂಗು ಕೇಳಿ ತಿರುಗಿದರೆ, ಭಾವ ಕುರ್ಚಿಯಿಂದ ಅರ್ಧ ಎದ್ದು ನಿಂತಿದ್ದರು. ಸೆರಗು ಜಾರಿದ್ದೂ ತಿಳಿಯದೆ ಅಕ್ಕ ನೀರಿಗೆ ನುಗ್ಗಿದಳು. ಇಷ್ಟು ವರ್ಷ ಪರದೆಯ ಕಡ್ಡಿ ಎಂದು ಸುಳ್ಳು ಹೇಳಿದ ಆ ಕೋಲನ್ನು ಮಗು ಎತ್ತಿಕೊಂಡಂತೆ ಎರಡೂ ತೋಳಲ್ಲಿ ಎತ್ತಿಕೊಂಡು ಬಂದಳು. ಗೆಂಡೆ ಒಳಮುಳ್ಳಿಲ್ಲದ ಗಾಳದಿಂದ ಕಳಚಿಕೊಂಡು ಹೋಗಿತ್ತು, ಪುಣ್ಯಕ್ಕೆ. ಭಾವ ಒದ್ದೆ ನೊಣವನ್ನು ಎಡಗೈಯಲ್ಲಿ ಹಿಡಿದು ನೋಡಿದರು. ತುಟಿ ಅಲುಗಿತು. ನಾವಿಬ್ಬರೂ ಉಸಿರು ಹಿಡಿದು ಕಾದೆವು. "ಇದು... ನೊಣ ಅಲ್ಲ... ಎಮ್ಮೆ... ಬಾಲ" ಎಂದರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಅಳುತ್ತಾ ನಕ್ಕೆ. ಬೈಸಿಕೊಂಡು ಅಷ್ಟು ಸುಖಪಟ್ಟದ್ದು ನನ್ನ ಜನ್ಮದಲ್ಲಿಲ್ಲ.

ಅಂದು ಸಂಜೆ ಅಕ್ಕನ ಮನೆಯ ಪಡಸಾಲೆಯಲ್ಲಿ ಬಿಸ್ಕತ್ತಿನ ಡಬ್ಬಿ ತೆರೆದಿಟ್ಟುಕೊಂಡು ಹೊಸ ನೊಣ ಕಟ್ಟುತ್ತಿದ್ದೆ. ಅಕ್ಕ ಭಾವನ ಬಲಗೈಗೆ ಎಣ್ಣೆ ತಿಕ್ಕುತ್ತಿದ್ದಳು. ಭಾವ ಅವಳತ್ತ ತಿರುಗಿ ಏನೋ ಹೇಳಹೊರಟರು. ಅಕ್ಕನ ಬಾಯಿ ಅಭ್ಯಾಸದಂತೆ ತೆರೆಯಿತು. ತೆರೆದದ್ದನ್ನು ಅವಳೇ ಮುಚ್ಚಿಕೊಂಡಳು. ದಾರದ ಗಂಟು ನನ್ನ ಬೆರಳಲ್ಲೇ ನಿಂತಿತು. ಗಡಿಯಾರದ ಸದ್ದು, ದೂರದಲ್ಲೊಂದು ಬಸ್ಸಿನ ಹಾರ್ನು. ಮಾತು ಮೆಲ್ಲಗೆ ಬಂತು.

"ನಿಂಗೆ... ಸಾಕಾಗೈತಾ?"

ನೀರು, ಫ್ಯಾನು, ದಿಂಬು ಎಂದೆಲ್ಲ ನಾವು ತುಂಬಿಸಿಕೊಟ್ಟ ಮಾತುಗಳ ಹಿಂದೆ ಇಷ್ಟು ದಿನ ಕಾದು ನಿಂತದ್ದು ಇದು. ಅವರು ತಮಗೆ ಏನೋ ಬೇಕೆಂದು ಕೇಳುತ್ತಿದ್ದಾರೆ ಎಂದೇ ನಾವು ತಿಳಿದಿದ್ದೆವು. ಅವರು ಅವಳ ಬಗ್ಗೆ ಕೇಳುತ್ತಿದ್ದರು.

ಅಕ್ಕ ಎಣ್ಣೆಯ ಕೈಯಲ್ಲೇ ಅವರ ಬಲಗೈ ಹಿಡಿದುಕೊಂಡಳು. ಏನೋ ಹೇಳಲು ಹೋದಳು, ಆಗಲಿಲ್ಲ. ನನ್ನ ನಾಲಿಗೆಯ ತುದಿಗೆ ಅವಳ ಪರವಾಗಿ ಉತ್ತರ ಬಂದಿತ್ತು; ನುಂಗಿಕೊಂಡು ಡಬ್ಬಿಯ ಹಸಿರು ದಾರವನ್ನೇ ನೋಡುತ್ತಾ ಕೂತೆ. ಭಾವನ ಎಡಗೈ ಬೆರಳು ಕುರ್ಚಿಯ ತೋಳನ್ನು ಒಂದು ಸಲ ತಟ್ಟಿತು. ಅಕ್ಕ ಮಾತಾಡುವವರೆಗೂ ಎರಡನೆಯ ಸಲ ತಟ್ಟಲಿಲ್ಲ.