ಮುಟ್ಟಿ ನೋಡುವ ಕೋಣೆ

ನಾವು ಸಾರನ್ನು ಕುಡಿದು ನೋಡುತ್ತೇವೆ, ಹಾಡನ್ನು ಕೇಳಿ ನೋಡುತ್ತೇವೆ, ಸೀರೆಯನ್ನು ಮುಟ್ಟಿ ನೋಡುತ್ತೇವೆ. ಮ್ಯೂಸಿಯಮ್ಮಿನಲ್ಲಿ ಮಾತ್ರ ನೋಡುವ ಕೆಲಸವನ್ನೆಲ್ಲ ಯಾರೋ ಕಣ್ಣಿಗೇ ಗುತ್ತಿಗೆ ಕೊಟ್ಟುಬಿಟ್ಟಿದ್ದಾರೆ.

ಇದು ನನಗೆ ಹೊಳೆದದ್ದು ಗಂಗಕ್ಕನಿಂದ. ನನ್ನ ಈ ದೊಡ್ಡಕ್ಕನ ಕಣ್ಣು ಚಿಕ್ಕಂದಿನಲ್ಲೇ ಸಿಡುಬಿಗೆ ಹೋಗಿತ್ತು. ತೊಂಬತ್ತರ ದಶಕದಲ್ಲಿ ನಾನು ಮೊಳಕಾಲ್ಮೂರಿನ ಶಾಲೆಯೊಂದರಲ್ಲಿ ಚರಿತ್ರೆ ಮೇಷ್ಟ್ರು. ಅಕ್ಕ ಚಳ್ಳಕೆರೆಯ ಮನೆಯಲ್ಲಿ ನಮ್ಮ ಜೊತೆಗೇ ಇದ್ದಳು. ಒಂದು ರಜೆಯಲ್ಲಿ ಅವಳನ್ನು ದೂರದೂರಿನ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದೆ. ಗಾಜಿನ ಪೆಟ್ಟಿಗೆಗಳ ಚೀಟಿಗಳನ್ನು ಉತ್ಸಾಹದಿಂದ ಗಟ್ಟಿಯಾಗಿ ಓದತೊಡಗಿದೆ.

"ಲೇ, ಹಾಜರಿ ಕೂಗ್ದಂಗೆ ಕೂಗ್ತೀಯಲ್ಲೋ. ಅವು ಹೆಂಗವೆ ಅಂತ ಹೇಳು" ಅಂದಳು.

"ಚೆನ್ನಾಗವೆ ಅಕ್ಕ."

"ಹೆಣ್ಣು ನೋಡಿ ಬಂದೋರೂ ಇಷ್ಟೇ ಹೇಳಾದು."

ಅಷ್ಟರಲ್ಲಿ ಅವಳ ಕೈ ಪಕ್ಕದ ಕಲ್ಲಿನ ಬಸವಣ್ಣನ ಮೇಲೆ ಬಿತ್ತು. ಕಾವಲಿನವನು ಅಲ್ಲಿಂದಲೇ ಕೂಗಿದ: "ಏಯ್ ಅಮ್ಮಾ, ಬೋರ್ಡ್ ಕಾಣಲ್ವಾ?"

"ಕಾಣಲ್ಲಪ್ಪ" ಅಂದಳು ಅಕ್ಕ, ಮೆಲ್ಲಗೆ. ವಾಪಸು ಬರುವಾಗ ಬಸ್ಸಿನಲ್ಲಿ ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೇ ಕೂತಿದ್ದಳು.

ಮುಂದಿನ ವರ್ಷ ಶಾಲೆಯಲ್ಲಿ ಒಂದು ಕೋಣೆ ಖಾಲಿಯಾಯಿತು. ಅಲ್ಲೊಂದು ಪುಟ್ಟ ಮ್ಯೂಸಿಯಂ ಮಾಡೋಣವೆಂದೆ. ಮಕ್ಕಳು ಮಗ್ಗದ ಮನೆಗಳಿಂದ ಲಾಳಿ ತಂದರು, ಕುರಿಗಾರರ ಮನೆಗಳಿಂದ ಕಂಬಳಿ ತಂದರು. ಯಾರೋ ಅಜ್ಜಿಯ ಕಣ್ಣು ತಪ್ಪಿಸಿ ಹಿತ್ತಾಳೆ ಸೇರನ್ನೂ ತಂದರು. ಹೆಡ್‌ಮಾಸ್ಟರು ಗಾಜಿನ ಬೀರು ತರಿಸುತ್ತೇನೆಂದರು.

"ಬ್ಯಾಡ ಸಾರ್, ಎಲ್ಲಾನೂ ಮುಟ್ಟೋ ಹಂಗೆ ಇಡಾಣ" ಅಂದೆ.

"ಮುರಿದ್ರೆ ಏನ್ರಿ ಮಾಡ್ತೀರಾ?"

"ಇನ್ನೊಂದು ತರ್ತಾರೆ ಸಾರ್. ಎಲ್ಲರ ಮನ್ಯಾಗೂ ಐತೆ."

ಅವರು ತಲೆ ಕೊಡವಿದರೂ ಒಪ್ಪಿದರು. ಕೋಲೂರಿ ನಡೆಯುವ ಹುಡುಗಿಯೊಬ್ಬಳಿಗಾಗಿ ಮೆಟ್ಟಿಲ ಪಕ್ಕಕ್ಕೆ ಇಳಿಜಾರನ್ನೂ ಅವರೇ ಕಟ್ಟಿಸಿದರು. ಉಳಿದದ್ದು ಆ ತಾಲ್ಲೂಕಿನ ಹೆಮ್ಮೆ, ಸಾಮ್ರಾಟನೊಬ್ಬ ಬಂಡೆಯ ಮೇಲೆ ಕೊರೆಸಿದ ಬ್ರಹ್ಮಗಿರಿ ಶಾಸನ. ಎರಡು ಸಾವಿರ ವರ್ಷ ದಾಟಿದ ಬಂಡೆಯನ್ನು ಎಲ್ಲರೂ ಸವರಿದರೆ ಅಕ್ಷರ ಉಳಿಯುವುದಿಲ್ಲ. ಅಲ್ಲಿ ಕಾವಲಿನವರ ಮಾತೇ ಸರಿ. ಹಾಗಾಗಿ ಫೋಟೋ ನೋಡಿಕೊಂಡು ಆ ಹಳೆಯ ಲಿಪಿಯ ಒಂದು ಸಾಲನ್ನು ಇದ್ದ ಹಾಗೇ ಜೇಡಿಮಣ್ಣಿನ ಹಲಗೆಯಲ್ಲಿ ಕೊರೆದು, ಕುಂಬಾರರ ಆವಿಗೆಯಲ್ಲಿ ಸುಡಿಸಿದೆವು. ಹಲಗೆ ಸ್ವಲ್ಪ ಸೊಟ್ಟಗಾಯಿತು. ಸಾಮ್ರಾಟನ ಕ್ಷಮೆ ಇರಲಿ.

ಈಗ ಆ ಕೋಣೆಯಲ್ಲಿ ಕಂಪ್ಯೂಟರುಗಳಿವೆಯಂತೆ. ನನ್ನ ನೆನಪಿನಲ್ಲಿ ಮಾತ್ರ ಅಲ್ಲಿನ್ನೂ ಕಂಬಳಿಯ ವಾಸನೆ, ಮಕ್ಕಳ ಗದ್ದಲ, ನಡುವೆ ಅಕ್ಕ. ಮೊದಲ ದಿನ ನನ್ನ ಜೊತೆ ಬಂದು ಒಂದೊಂದನ್ನೂ ಮುಟ್ಟುತ್ತ ಹೋದವಳು ಹಲಗೆಯ ಮುಂದೆ ಬಹಳ ಹೊತ್ತು ನಿಂತಳು.

"ಏನಂತ ಬರ್ದೈತೆ?"

"ತಂದೆತಾಯಿ ಮಾತು ಕೇಳ್ರಿ, ಸತ್ಯ ಹೇಳ್ರಿ, ಅಂತ ಬರುತ್ತಂತೆ ಆ ಶಾಸನದಾಗೆ."

"ಅಂತೆ ಬಿಡು. ಈ ಅಕ್ಷರ ನಿಂಗೆ ಓದಕ್ಕೆ ಬರ್ತೈತಾ?"

ಸತ್ಯ ಹೇಳಲೇಬೇಕಾಯಿತು. "ಇಲ್ಲಕ್ಕ."

ಅಕ್ಕ ನಕ್ಕು ನನ್ನ ಕೈ ಹಿಡಿದೆಳೆದು, ಬೆರಳನ್ನು ಮೊದಲ ಅಕ್ಷರದ ಮೇಲಿಟ್ಟಳು.

"ಹಂಗಾರೆ ಬಾ. ಇಬ್ರೂ ಒಂದನೇ ಕ್ಲಾಸು."