ಒಡೆದ ಬೀಗದ ಸದ್ದು

ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದುದು ಬೀಗದ ಮಾಮ ಎಂದು. ಅಂಗಡಿಯ ಮೇಲೆ ‘ಇಲ್ಲಿ ಎಲ್ಲ ಬಗೆಯ ಬೀಗಗಳನ್ನು ರಿಪೇರಿ ಮಾಡಲಾಗುವುದು’ ಎಂಬ ಬೋರ್ಡು. ಮಗಳನ್ನು ಮದುವೆ ಮಾಡಿಕೊಟ್ಟವರು ಅದನ್ನು ಓದಿ, “ನಮ್ಮ ಬೀಗರನ್ನೂ ಕರ್ಕೊಂಡು ಬರ್ತೀವಿ, ಸ್ವಲ್ಪ ನೋಡಿ” ಎಂದು ತಮಾಷೆ ಮಾಡುವರು. “ಆ ಬೀಗಕ್ಕೆ ನನ್ನ ಹತ್ರ ಕೀ ಇಲ್ಲಪ್ಪ” ಎಂಬುದು ಅವನ ಸಿದ್ಧ ಉತ್ತರ. ಇಪ್ಪತ್ತಾರು ವರ್ಷದ ಕಸುಬು. ಬೀಗವನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರೆ ಸಾಕು, ಒಳಗೆ ಯಾವ ಸ್ಪ್ರಿಂಗ್ ಸೋತಿದೆ ಎಂದು ಹೇಳಬಲ್ಲ. ಇಷ್ಟಿದ್ದ ಮೇಲೆ ಬೀಗದವನು ಸ್ವಲ್ಪ ಬೀಗುವುದೂ ಇದ್ದದ್ದೇ. ಕೀ ಕಳೆದುಕೊಂಡು ಓಡಿಬಂದವರಿಗೆ, “ಎಲ್ಲಿಟ್ಟಿದೀವಿ ಅನ್ನೋ ಪರಿವೆ ಬೇಡ್ವಾ?” ಎಂದು ಒಂದು ಪಾಠ ಮಾಡದೆ ಅವನು ಬಾಗಿಲು ತೆಗೆದುಕೊಡುತ್ತಿರಲಿಲ್ಲ.

ಅಂಥವನು ಒಂದು ಸಂಜೆ ತನ್ನ ಅಂಗಡಿಗೆ ಬೀಗ ಹಾಕುವುದನ್ನೇ ಮರೆತ.

ಆದದ್ದಿಷ್ಟು. ಬಾಗಿಲು ಎಳೆದು ಚಿಲಕಕ್ಕೆ ಬೀಗ ಸಿಕ್ಕಿಸಿದ್ದ, ಒತ್ತುವುದೊಂದು ಬಾಕಿ. ಅಷ್ಟರಲ್ಲಿ ಹಿಂದಿನ ಬೀದಿಯ ಹೆಂಗಸೊಬ್ಬಳು ಏದುಸಿರು ಬಿಡುತ್ತ ಬಂದಳು. ಗಾಳಿಗೆ ಬಾಗಿಲು ಹಾಕಿಕೊಂಡಿದೆ, ಕೀ ಒಳಗಿದೆ, ಒಲೆಯ ಮೇಲೆ ಹಾಲಿದೆ. ಮಾಮ ಚೀಲ ಹೆಗಲಿಗೇರಿಸಿ ಅವಳ ಹಿಂದೆ ನಡೆದ. ಪಾಠ ಮಾಡಿದ, ಬಾಗಿಲು ತೆಗೆದ, ಹೊಗಳಿಸಿಕೊಂಡ, ಅಲ್ಲಿಂದ ನೆಟ್ಟಗೆ ಮನೆಗೆ ಹೋದ.

ಬೆಳಿಗ್ಗೆ ಬಂದು ನೋಡಿದರೆ ಬೀಗ ಬಾಯಿ ತೆರೆದುಕೊಂಡು ನೇತಾಡುತ್ತಿತ್ತು. ಒಳಗೆ ಕೀ ಕೊರೆಯುವ ಮೆಷಿನ್ ಇಲ್ಲ, ಡ್ರಿಲ್ ಇಲ್ಲ. ಆದರೆ ಅವನಿಗೆ ಮೊದಲು ಬಂದ ಯೋಚನೆ ಮೆಷಿನ್ನಿನದಲ್ಲ. ಬೀಗದ ಮಾಮನೇ ಬೀಗ ಹಾಕಿರಲಿಲ್ಲವಂತೆ ಎಂದು ಬೀದಿಯೆಲ್ಲ ನಗುವುದು ಆಗಲೇ ಕಿವಿಗೆ ಬಿದ್ದಂತಾಯಿತು. ಜತೆಗೆ, ವಿಮೆ ಮಾಡಿಸಿಕೊಟ್ಟ ಹೆಂಡತಿಯ ತಮ್ಮ ಹೇಳಿದ್ದೂ ನೆನಪಾಯಿತು. ಒಡೆದ ಗುರುತಿಲ್ಲದಿದ್ದರೆ ಕಂಪನಿಯವರು ಏನೂ ಕೊಡುವುದಿಲ್ಲ. ಮಾಮ ಬೀಗವನ್ನು ಒತ್ತಿ ಹಾಕಿದ. ಚೀಲದಿಂದ ಸುತ್ತಿಗೆ ತೆಗೆದು ಬಾರಿಸಿದ. ತಾನೇ ಆರಿಸಿ ತಂದಿದ್ದ ಗಟ್ಟಿ ಬೀಗ, ಆರು ಏಟು ತಿಂದ ಮೇಲೆ ಬಿಟ್ಟಿತು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಇದ್ದರೂ, ಆ ಅಂಗಡಿಯ ಮುಂದೆ ಸುತ್ತಿಗೆ ಸದ್ದಾದರೆ ಯಾರು ತಿರುಗಿ ನೋಡುತ್ತಾರೆ?

ಪೊಲೀಸರಿಗೆ ದೂರು ಕೊಟ್ಟದ್ದಾಯಿತು, ವಿಮೆಗೆ ಅರ್ಜಿ ಹಾಕಿದ್ದಾಯಿತು. ವಾರ ಕಳೆದು ಕಂಪನಿಯ ತನಿಖೆಯವರು ಬಂದರು. ಬೆದರಿಸುವ ಆಸಾಮಿ ಬರುತ್ತಾನೆಂದುಕೊಂಡಿದ್ದ ಮಾಮನಿಗೆ ಎದುರಾದದ್ದು ತೆಳ್ಳಗಿನ, ಮೆತ್ತಗೆ ಮಾತಾಡುವ ಮನುಷ್ಯ. ಅವರು ಕುಡಿಯಲು ನೀರು ಕೇಳಿದರು, ಬಾಗಿಲನ್ನು ಎರಡು ಸಲ ತೆಗೆದು ಹಾಕಿದರು. ಎಣ್ಣೆ ಕುಡಿದ ಕೀಲುಗಳು ಕಮಕ್ ಕಿಮಕ್ ಎನ್ನಲಿಲ್ಲ. ಆಮೇಲೆ ಒಡೆದ ಬೀಗವನ್ನು ಅಂಗೈಯಲ್ಲಿಟ್ಟುಕೊಂಡು ತೂಗಿದರು.

“ಇದನ್ನ ಒಡೀಬೇಕಾದ್ರೆ ಚೆನ್ನಾಗೇ ಸದ್ದಾಗಿರಬೇಕಲ್ವಾ?”

“ಆಗಿರುತ್ತೆ ಸಾರ್” ಎಂದ ಮಾಮ, ಬೀಗ ಬಲ್ಲವನ ಗತ್ತಿನಲ್ಲಿ.

“ಹಾಗಾದ್ರೆ ಕಾವಲಿನವರಿಗೆ ಯಾಕೆ ಕೇಳಿಸ್ಲಿಲ್ಲ?”

ಸದ್ದಿಗೊಂದು ಕಿವಿ ಇರುತ್ತದೆ ಎಂಬುದು ಮಾಮನಿಗೆ ಹೊಳೆದೇ ಇರಲಿಲ್ಲ. ಬೀದಿಯ ಕಾವಲು ಕಾಯುವ ತಾತನನ್ನು ಕರೆಸಿದರು. ಹನ್ನೊಂದು ವರ್ಷದಿಂದ ಅದೇ ಬೀದಿ, ಅದೇ ಕೋಲು.

“ನನಗೆ ಸದ್ದೇ ಕೇಳಿಸ್ಲಿಲ್ಲ ಸಾಹೇಬ್ರೇ. ಎಚ್ಚರವಾಗೇ ಇದ್ದೆ” ಎಂದ ತಾತ.

ತನಿಖೆಯವರು ಬೀಗವನ್ನು ಅವನ ಮುಂದೆ ಹಿಡಿದರು. ತಾತ ಅದರ ಮೇಲಿನ ಜಜ್ಜಿದ ಗುರುತುಗಳನ್ನು ನೋಡಿದ, ಮಾಮನ ಮುಖ ನೋಡಿದ. “ಯಜಮಾನ್ರು ಸುಳ್ಳು ಹೇಳೋರಲ್ಲ. ನನಗೇ ಕಣ್ಣು ಹತ್ತಿರಬೇಕು” ಎಂದುಬಿಟ್ಟ. ಊರವರ ಬೀಗ ತೆಗೆಯುವವನ ಬಾಯಿಗೆ ಆಗ ಬೀಗ ಬಿತ್ತು.

ಮರುದಿನವೇ ಅಂಗಡಿಯವರ ಸಂಘ ಸೇರಿ, ತಿಂಗಳು ಮುಗಿದ ಮೇಲೆ ತಾತ ಬರುವುದು ಬೇಡ ಎಂದು ತೀರ್ಮಾನಿಸಿತು. ಮಾಮನೂ ಆ ಸಭೆಯಲ್ಲಿದ್ದ. ಕೈ ಎತ್ತಲಿಲ್ಲ ಎಂಬುದೇ ಅವನು ಮಾಡಿದ ಪುಣ್ಯ. “ಕಾವಲು ಅಂತ ಇಟ್ಕೊಂಡ್ರೆ ಗೊರಕೆ ಹೊಡೀತಾನಲ್ಲ ಆ ಮುದುಕ” ಎಂದು ಹೆಂಡತಿ ಊಟಕ್ಕೆ ಬಡಿಸುತ್ತ ಬೈದಳು. ಅವಳಿಗೂ ಅವನು ನಿಜ ಹೇಳಿರಲಿಲ್ಲ.

ಎರಡು ದಿನ ಬಿಟ್ಟು, ಬೆಳಿಗ್ಗೆ ಕಾವಲು ಮುಗಿಸಿ ತಾತ ಮಾಮನ ಮನೆಗೆ ಬಂದ. ಒಳಗೆ ಕರೆದರೂ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತ.

“ಕೆಲಸ ಉಳಿಸಿ ಅಂತ ಕೇಳೋಕೆ ಬಂದಿಲ್ಲ ಯಜಮಾನ್ರೇ. ನಿಮ್ಮ ಮೆಷಿನ್ ಹೋಯ್ತಲ್ಲ, ತಪ್ಪಾಯ್ತು ಅನ್ನೋಕೆ ಬಂದೆ. ಯಾವಾಗ ಮಲಗಿದೆ ಅಂತ ಎಷ್ಟು ಯೋಚನೆ ಮಾಡಿದ್ರೂ ನೆನಪಾಗ್ತಿಲ್ಲ. ವಯಸ್ಸಾಯ್ತು ನೋಡಿ, ನನ್ನ ಮೇಲೆ ನನಗೇ ನಂಬಿಕೆ ಹೋಯ್ತು.”

ಮಾಮ ಏನೋ ಗೊಣಗಿ ಒಳಗೆ ಬಂದ. ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲೂ ಹೇಸಿಗೆಯಾಯಿತು. ಕಳ್ಳ ಕದ್ದದ್ದು ಒಂದು ಮೆಷಿನ್. ತಾನು ಕದ್ದದ್ದು ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅವತ್ತೇ ಮಧ್ಯಾಹ್ನ ತನಿಖೆಯವರು ಹೇಳಿಕೆಗೆ ಸಹಿ ಹಾಕಿಸಲು ಬಂದರು. ಪೆನ್ನು ಕೈಗೆ ಬಂತು. ಮಾಮ ಅದನ್ನು ಕೆಳಗಿಟ್ಟ.

“ಸಾರ್, ಬೀಗ ಒಡೆದದ್ದು ನಾನೇ. ಹಾಕೋದು ಮರೆತು ಹೋಗಿದ್ದೆ.”

ಅವರು ಗಾಬರಿಯಾಗಲಿಲ್ಲ. “ಅನುಮಾನ ಇತ್ತು ನನಗೆ. ಕಳ್ಳನ ಏಟು ಎರಡಾದ್ರೂ ಬಾಗಿಲಿಗೆ ಬೀಳುತ್ತೆ. ಇಲ್ಲಿ ಒಂದೂ ಗುರಿ ತಪ್ಪಿಲ್ಲ. ಆದ್ರೆ ಅನುಮಾನಾನ ರಿಪೋರ್ಟಿನಲ್ಲಿ ಬರೆಯೋಕಾಗಲ್ಲ” ಎಂದರು. “ನಿಜ ಬರೆದ್ರೆ ಏನೂ ಸಿಗಲ್ಲ ನಿಮಗೆ, ಗೊತ್ತಲ್ಲ? ಸಂಘದವರೂ ಕೇಳ್ತಾರೆ.”

“ಕೇಳಲಿ ಸಾರ್. ಬರೀರಿ.”

ಸಂಜೆ ಮಾಮ ತಾತನ ಮನೆ ಹುಡುಕಿಕೊಂಡು ಹೋದ. ಒಂದೇ ಕೋಣೆ, ತಾತ ಮಂಚದ ತುದಿಯಲ್ಲಿ ಕೂತಿದ್ದ, ಸೊಸೆ ಬಟ್ಟೆ ಮಡಚುತ್ತಿದ್ದಳು. ಮಾಮ ನಿಂತಲ್ಲೇ ಒಂದೇ ಉಸಿರಿಗೆ ಎಲ್ಲ ಹೇಳಿದ. ಬೀಗ ತೆರೆದೇ ಇತ್ತು, ಕಳ್ಳ ಸದ್ದಿಲ್ಲದೆ ಹೋಗಿಬಂದ, ಏಟು ಬಿದ್ದದ್ದು ಬೆಳಗಾದ ಮೇಲೆ. ಹೇಳಿ ಮುಗಿಸಿ ತಲೆ ತಗ್ಗಿಸಿದ. ಬೈಯಲಿ, ಕೋಲು ಎತ್ತಲಿ, ಏನು ಮಾಡಿದರೂ ಸರಿ ಎಂದುಕೊಂಡೇ ಬಂದಿದ್ದ.

ತಾತ ಕೂತಲ್ಲೇ ಮುಂದಕ್ಕೆ ಬಾಗಿದ.

“ಹಾಗಾದ್ರೆ ನಾನು ಮಲಗಿರಲಿಲ್ಲ?”

“ಇಲ್ಲ ತಾತ. ನೀನು ಮಲಗಿರಲಿಲ್ಲ.”

ತಾತ ಸೊಸೆಯ ಕಡೆ ತಿರುಗಿದ. “ಕೇಳಿಸ್ಕೊಂಡ್ಯೇನಮ್ಮ? ನಾನು ಮಲಗಿರಲಿಲ್ಲ.” ಆಮೇಲೆ ಎದ್ದು ಬಂದು ಮಾಮನ ಎರಡೂ ಕೈ ಹಿಡಿದುಕೊಂಡ. “ಬಂದು ಹೇಳಿದ್ರಲ್ಲ ಯಜಮಾನ್ರೇ, ನಿಮ್ಮ ಉಪಕಾರ ಮರೆಯಲ್ಲ” ಎಂದ.