ರಸೀದಿ ಡಬ್ಬಿಯ ಗಂಟೆ

ನಮ್ಮ ಚಿಕ್ಕಮ್ಮನ ಬಗ್ಗೆ ಯಾರಾದರೂ ಕೆಟ್ಟದಾಗಿ ಮಾತಾಡಿದರೆ ನನಗೆ ಮೈಯೆಲ್ಲ ಉರಿಯುತ್ತೆ. ಹಾಗೆ ಮಾತಾಡೋದು ನಮ್ಮಮ್ಮನೇ ಆದರೆ ಇನ್ನೂ ಉರಿಯುತ್ತೆ. ಅದಕ್ಕೇ ಒಂದ್ಸಲ ಮೊದಲಿಂದ ಹೇಳಿಬಿಡ್ತೀನಿ, ಕೇಳಿ.

ಚಿಕ್ಕಮ್ಮ ಅಂದರೆ ಅಮ್ಮನ ಒಬ್ಬಳೇ ತಂಗಿ. ಮದುವೆ ಆಗಲಿಲ್ಲ, ಆಗೋ ಯೋಚನೆಯೂ ಇರಲಿಲ್ಲ. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಇದ್ದಳು. ಗುಜರಿ ಯಾರ್ಡಿನಲ್ಲಿ ರಸೀದಿ ಬರೆಯೋ ಕೆಲಸ. ಅದೇ ಯಾರ್ಡಿನಲ್ಲಿ ನಮ್ಮಪ್ಪ ತೂಕ ನೋಡೋನು. ನಾವಿದ್ದ ಮನೆಯೂ ಯಾರ್ಡಿನವರು ಕೊಟ್ಟಿದ್ದೇ. ಕಿಟಕಿ ತೆಗೆದರೆ ಹಳೇ ಕಬ್ಬಿಣದ ಗುಡ್ಡ ಕಾಣೋದು, ಒಣಗಿಹಾಕಿದ ಬಟ್ಟೆಗೆಲ್ಲ ತುಕ್ಕಿನ ವಾಸನೆ ಹಿಡಿಯೋದು. ಅಪ್ಪ ಅವಳನ್ನ ‘ರಸೀದಿ ಮೇಡಂ’ ಅಂತ ರೇಗಿಸ್ತಿದ್ದ. ಆಮೇಲೆ ಬೀದಿಯೆಲ್ಲ ಹಾಗೇ ಕರೆಯೋಕೆ ಶುರು ಮಾಡ್ತು.

ಅವಳ ಮುಂದೆ ಒಂದು ಕಬ್ಬಿಣದ ಡಬ್ಬಿ ಇರ್ತಿತ್ತು. ಹೊಲಿಗೆ ಮಿಷನ್ನಿನಷ್ಟು ಭಾರ. ಮೇಲ್ಭಾಗ ಇಳಿಜಾರು, ಅದರಲ್ಲಿ ಅಂಗೈ ಅಗಲದ ಕಿಂಡಿ. ಒಳಗೆ ಎರಡು ಸುರುಳಿ ಕಾಗದ, ಮಧ್ಯೆ ಕಾರ್ಬನ್. ಕಿಂಡಿಯಲ್ಲಿ ಕಾಣೋ ಕಾಗದದ ಮೇಲೆ ಬಲವಾಗಿ ಒತ್ತಿ ಬರೆದು, ಬಲಗಡೆ ಇರೋ ಹಿಡಿಯನ್ನ ಒಂದು ಸುತ್ತು ತಿರುಗಿಸಬೇಕು. ಮೇಲಿನ ಕಾಗದ ಹೊರಗೆ ಬರುತ್ತೆ, ಹರಿದು ಗಿರಾಕಿಗೆ ಕೊಡೋದು. ಕೆಳಗಿನ ನಕಲು ಒಳಗೇ ಸುತ್ತಿಕೊಳ್ಳುತ್ತೆ. ಡಬ್ಬಿಗೆ ಬೀಗ, ಬೀಗದ ಕೈ ಮ್ಯಾನೇಜರ್ ಹತ್ರ. ಹಿಡಿ ಮುಂದಕ್ಕೆ ಮಾತ್ರ ತಿರುಗುತ್ತೆ, ಹಿಂದಕ್ಕೆ ಕೂದಲಷ್ಟೂ ಬರಲ್ಲ. ಒಂದು ಸುತ್ತು ಆದ ಕೂಡಲೇ ಒಳಗೊಂದು ಗಂಟೆ ‘ಠಣ್’ ಅನ್ನುತ್ತೆ.

“ನೀನು ಯಾರಿಗಾದ್ರೂ ಲವ್ ಲೆಟರ್ ಬರೆದ್ರೂ ಒಂದು ನಕಲು ಮ್ಯಾನೇಜರ್‌ಗೆ ಹೋಗುತ್ತಲ್ಲೇ!” ಅಂತ ಅಪ್ಪ ಊಟಕ್ಕೆ ಕೂತಾಗ ರೇಗಿಸೋನು.

“ಅದಕ್ಕೇ ಬರೀಲಿಲ್ಲ ಭಾವ,” ಅನ್ನೋಳು ಅವಳು, ತಲೆ ಎತ್ತದೆ. ಅಮ್ಮ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಳ್ಳೋಳು. ಆಗ ನಮ್ಮನೇಲಿ ಎಷ್ಟು ನಗು ಇತ್ತು ಅಂತ ನೆನೆಸಿಕೊಂಡರೆ ಈಗ ಸಂಕಟ ಆಗುತ್ತೆ.

ಒತ್ತಿ ಒತ್ತಿ ಬರೆದು ಅವಳ ಹೆಬ್ಬೆರಳು ಗಂಟುಕಟ್ಟಿತ್ತು. ಮನೇಲಿ ಸಾಮಾನಿನ ಚೀಟಿ ಬರೆದರೂ ಮೇಜಿನ ಹಲಗೆ ಮೇಲೆ ಅಕ್ಷರ ಮೂಡೋದು. ಬಾಯಿ ಮಾತ್ರ ಜೋರು. ಕಣ್ಣು ತಪ್ಪಿಸಿ ತೂಕ ಹೆಚ್ಚು ಬರೆಸೋಕೆ ಬಂದ ಲಾರಿಯವರ ಮಾನ ಕಳೆದುಬಿಡೋಳು. ಆದರೆ ಗಂಟೆಯ ವಿಷಯ ಬಂದರೆ ಸಾಕು, ನಗು ನಿಂತುಹೋಗೋದು.

ಯಾಕೆ ಅಂತ ಹೇಳ್ತೀನಿ. ಯಾರ್ಡಿನಲ್ಲಿ ಅಯಸ್ಕಾಂತದ ಕ್ರೇನು. ಲಾರಿಯಿಂದ ಕಬ್ಬಿಣ ಎತ್ತಿ ಗುಡ್ಡದ ಅಂಚಿನ ಮೇಲೆ ತೂಗುಹಾಕಿ ನಿಲ್ಲಿಸುತ್ತೆ. ಮೇಲೆ ತೂಕದ ಮುಳ್ಳು. ಅದರ ಗಾಜು ಮಸಿ ಹಿಡಿದು, ದೂರದಿಂದ ಏನೂ ಕಾಣಲ್ಲ. ಅಪ್ಪ ಮಾಲಿನ ಕೆಳಗೇ ಹೋಗಿ, ಕತ್ತೆತ್ತಿ ನೋಡಿ, ತೂಕ ಕೂಗಿ ಹೇಳಬೇಕು. ಚಿಕ್ಕಮ್ಮ ಬರೀತಾಳೆ. ಅಷ್ಟರಲ್ಲಿ ಅಪ್ಪ ಗುಡ್ಡದ ಮುಂದಿರೋ ಗಿಡ್ಡ ಗೋಡೆಯ ಈಚೆ ಬಂದು ನಿಲ್ತಾನೆ. ಕ್ರೇನಿನವನು ಸ್ವಿಚ್ ಆರಿಸಿದರೆ ಮಾಲೆಲ್ಲ ಒಂದೇ ಏಟಿಗೆ ಕೆಳಗೆ. ಕ್ರೇನ್ ನಡೆಸೋನು ನಮ್ಮ ಪಕ್ಕದ ಮನೆಯವನೇ, ನಾವು ‘ಕ್ರೇನ್ ಮಾಮ’ ಅಂತಿದ್ವಿ. ಅವನು ಕೂರೋ ಗೂಡಿನಿಂದ ತೂಗುತ್ತಿರೋ ಮಾಲಿನ ಕೆಳಗೆ ಯಾರಿದ್ದಾರೆ ಅಂತ ಕಾಣೋದೇ ಇಲ್ಲ. ಸೀಟಿ ಊದಿದರೆ ಕಬ್ಬಿಣ ಕತ್ತರಿಸೋ ಸದ್ದಿಗೆ ಕೇಳಲ್ಲ. ಒಂದು ಕರೆಂಟ್ ಹಾರ್ನ್ ಹಾಕಿಸಿ ಅಂತ ಕೇಳಿ ಕೇಳಿ ಬಾಯಿ ನೋವು ಬಂದಿತ್ತು. ಮ್ಯಾನೇಜರ್ “ನೋಡೋಣ” ಅಂದ. ಅವನು ನೋಡಿದ್ದು ಅಷ್ಟಕ್ಕೇ ಮುಗೀತು.

ಆಗ ಅಪ್ಪನಿಗೇ ಹೊಳೀತು. ಅಷ್ಟು ಗದ್ದಲದಲ್ಲೂ ಡಬ್ಬಿಯ ಗಂಟೆ ಮಾತ್ರ ಸಣ್ಣಗೆ, ಚೂಪಾಗಿ ಎಲ್ಲರ ಕಿವಿಗೆ ಬೀಳ್ತಿತ್ತು. “ನಾನು ಗೋಡೆ ದಾಟಿದ್ದು ನೋಡ್ಕೊಂಡು ಹಿಡಿ ತಿರುಗಿಸು. ಠಣ್ ಅಂದ್ಮೇಲೇ ಅವನು ಮಾಲು ಬಿಡ್ಲಿ,” ಅಂತ ಚಿಕ್ಕಮ್ಮನಿಗೆ ಹೇಳಿದ. ಆ ಸಂಜೆ ಮನೆಗೆ ಬಂದು ಅಮ್ಮನ ಮುಂದೆ ಜಂಬ ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು. ಅಮ್ಮ “ಆಹಾ, ದೊಡ್ಡ ಇಂಜಿನಿಯರ್ ಬಂದ್ರು ನೋಡಿ” ಅಂತ ತಟ್ಟೆ ಇಟ್ಟಳು. ನಾನು ಅಲ್ಲೇ ಕೂತಿದ್ದೆ.

ಅವತ್ತಿಂದ ಅಪ್ಪನ ಜೀವ ಚಿಕ್ಕಮ್ಮನ ಬಲಗೈಯಲ್ಲಿತ್ತು. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಜ್ವರ ಬಂದರೂ ರಜೆ ಹಾಕ್ತಿರಲಿಲ್ಲ. “ಕೆಳಗೆ ನಿಲ್ಲೋದು ಅಕ್ಕನ ಗಂಡ ಕಣೆ, ಬೇರೆ ಯಾರೋ ಕೂತು ತಿರುಗಿಸಿದ್ರೆ?” ಅನ್ನೋಳು. ನಿದ್ದೆಯಲ್ಲೂ ಅವಳ ಕೈ ಸುತ್ತುತ್ತಿದ್ದದ್ದನ್ನ ನಾನು ಕಂಡಿದ್ದೀನಿ.

ವರ್ಷಗಳು ಕಳೆದ ಹಾಗೆ ಡಬ್ಬಿ ಹಟ ಹಿಡಿಯೋಕೆ ಶುರು ಮಾಡ್ತು. ಕಾಗದ ಒಳಗೇ ಮುದುಡಿಕೊಳ್ಳೋದು. ಹಿಂದಕ್ಕೆ ತಿರುಗಲ್ಲವಲ್ಲ, ಬಿಡಿಸಬೇಕು ಅಂದರೆ ಮುಂದಕ್ಕೇ ತಿರುಗಿಸಬೇಕು. ತಿರುಗಿಸಿದರೆ ಗಂಟೆ ಹೊಡೆಯುತ್ತೆ. ಗಂಟೆ ಹೊಡೆದರೆ ಕ್ರೇನ್ ಮಾಮನ ಕೈ ಸ್ವಿಚ್ಚಿಗೆ ಹೋಗುತ್ತೆ. ಡಬ್ಬಿಯ ಎಡಗಡೆ ಒಂದು ತೂತಿತ್ತು, ಯಾವುದೋ ಸ್ಕ್ರೂ ಬಿದ್ದುಹೋಗಿ ಆಗಿದ್ದು. ಚಿಕ್ಕಮ್ಮ ಆ ತೂತಿನೊಳಗೆ ಎಡಗೈ ಬೆರಳು ತೂರಿಸಿ ಗಂಟೆಯನ್ನ ಒತ್ತಿ ಹಿಡಿಯೋಳು. ಹಿಡಿ ತಿರುಗುತ್ತೆ, ಗಂಟೆ ಬಾಯಿ ಬಿಡಲ್ಲ. ಮುದುಡಿದ ಕಾಗದ ಎಳೆದು ಬಿಸಾಕಿ ಮತ್ತೆ ಬರೆಯೋಳು. ಇದನ್ನ ಅವಳು ಯಾರಿಗೂ ಹೇಳಿರಲಿಲ್ಲ, ಪಕ್ಕದಲ್ಲಿ ಕೂತಾಗ ಒಂದೆರಡು ಸಲ ನಾನು ಕಂಡಿದ್ದೆ ಅಷ್ಟೆ. ಮುಚ್ಚಿಡೋದಕ್ಕಲ್ಲ. ನಾವು ಎಡವಿದಾಗ ಗೋಡೆ ಹಿಡ್ಕೊಳ್ತೀವಲ್ಲ, ಹಾಗೆ. ಬೆರಳು ತನ್ನಷ್ಟಕ್ಕೆ ಹೋಗ್ತಿತ್ತು, ಅವಳಿಗೇ ಗೊತ್ತಾಗ್ತಿರಲಿಲ್ಲ.

ಹಾಗಿರುವಾಗ ಅವಳ ದವಡೆ ಹಲ್ಲು ಕೀವು ಕಟ್ಟಿಕೊಂಡು ಮುಖ ಊದಿಹೋಯ್ತು. ಆದರೂ ಯಾರ್ಡಿಗೆ ಹೊರಟಳು. ಅಮ್ಮನೇ ಬಾಗಿಲಿಗೆ ಅಡ್ಡ ನಿಂತಳು. “ಕನ್ನಡೀಲಿ ಮುಖ ನೋಡ್ಕೊಂಡ್ಯಾ? ಇವತ್ತು ಹೋದ್ರೆ ನನ್ನಾಣೆ. ಒಂದು ದಿನ ನೀನಿಲ್ದಿದ್ರೆ ಯಾರ್ಡ್ ಮುಳುಗಿಹೋಗಲ್ಲ!” ಅಂದಳು. ಅಪ್ಪನೂ, “ಹೋಗಮ್ಮ ಮೇಡಂ, ಕೀಳಿಸ್ಕೊಂಡು ಬಾ. ನಾನು ಹುಷಾರಾಗಿರ್ತೀನಿ,” ಅಂದ.

ಮ್ಯಾನೇಜರ್ ತನ್ನ ಬಾಮೈದನನ್ನ ಅವಳ ಜಾಗದಲ್ಲಿ ಕೂರಿಸಿದ. ಓದಿಕೊಂಡು ಮನೇಲಿ ಖಾಲಿ ಕೂತಿದ್ದವನು. ಡಾಕ್ಟರ್ ಹತ್ರ ಹೋಗೋ ದಾರೀಲಿ ಚಿಕ್ಕಮ್ಮ ಊದಿದ ಬಾಯಲ್ಲೇ ಯಾರ್ಡಿಗೆ ಹೋಗಿ ಅವನಿಗೆ ಎಲ್ಲ ಹೇಳಿಕೊಟ್ಟಳು, ನಾನು ಪಕ್ಕದಲ್ಲೇ ಇದ್ದೆ. ಹೇಗೆ ಒತ್ತಿ ಬರೆಯೋದು, ಎಲ್ಲಿ ಹರಿಯೋದು. “ಭಾವ ಗೋಡೆ ದಾಟೋ ತನಕ ಹಿಡಿ ಮುಟ್ಟಬೇಡಿ. ಕಣ್ಣು ಅವರ ಮೇಲಿರ್ಲಿ,” ಅಂತ ಹೇಳಿದಳು. ಅವನು ಪಾಪ ಗೋಣು ಹಾಕಿದ. ಅವಳು ಸಾಲದು ಅಂತ ಕ್ರೇನ್ ಮಾಮನಿಗೂ ಕೂಗಿ ಹೇಳಿದಳು, “ಇವತ್ತು ಗಂಟೆ ನಂಬ್ಬೇಡಪ್ಪಾ, ಒಂದು ಕ್ಷಣ ನಿಧಾನಿಸಿ ಬಿಡು!” ಮಾಮ ಮೇಲಿಂದಲೇ ಕೈ ಆಡಿಸಿದ.

ಹಲ್ಲಿನ ಡಾಕ್ಟರ್ ಶಾಪು ಹಿಂದಿನ ಬೀದಿಯಲ್ಲೇ, ನಾನೂ ಜೊತೆಗೆ ಹೋದೆ. ಡಾಕ್ಟರ್ ಸೂಜಿ ಚುಚ್ಚಿ, ಮರಗಟ್ಟಲಿ ಅಂತ ಬಿಟ್ಟರು. ಚಿಕ್ಕಮ್ಮ ಕುರ್ಚಿಯಲ್ಲಿ ಒರಗಿದ್ದಳು. ನರ್ಸು ಅವಳ ಬಾಯೊರೆಸೋಕೆ ಅಂತ ಗೋಡೆಯ ಸುರುಳಿಯಿಂದ ಕಾಗದ ಎಳೆದಳು. ಅದು ಸಿಕ್ಕಿಕೊಳ್ತು. ನರ್ಸು ಇನ್ನೊಮ್ಮೆ ಎಳೆದಳು, ಕಾಗದ ಮುದುಡಿತು.

ಚಿಕ್ಕಮ್ಮನ ಎಡಗೈ ಬೆರಳು ಕುರ್ಚಿಯ ಕೈ ಮೇಲೆ ಗಟ್ಟಿಯಾಗಿ ಒತ್ತಿ ನಿಂತಿತು.

ಅವಳು ಆ ಬೆರಳನ್ನೇ ನೋಡಿದಳು. ಯಾರದೋ ಬೆರಳು ನೋಡೋ ಹಾಗೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಏನೋ ಹೇಳೋಕೆ ಹೋದಳು. ಬಾಯಿ ಮರಗಟ್ಟಿತ್ತು, ಮಾತು ಹೊರಡಲಿಲ್ಲ. “ಬೆರಳು... ಹೇಳಿಲ್ಲ,” ಅನ್ನೋದಷ್ಟು ನನಗೆ ಗೊತ್ತಾಯ್ತು. ಕುತ್ತಿಗೆಗೆ ಕಟ್ಟಿದ್ದ ಬಟ್ಟೆ ಕಿತ್ತೆಸೆದು ಎದ್ದೇಬಿಟ್ಟಳು. ಡಾಕ್ಟರ್ “ಅಮ್ಮಾ, ಎಲ್ಲಿಗೆ?” ಅಂತಿದ್ದಾರೆ, ಇವಳು ಆಗಲೇ ಮೆಟ್ಟಿಲ ಕೆಳಗೆ.

ಓಡಿದಳು. ಅಷ್ಟು ದಪ್ಪ ಹೆಂಗಸು, ಮಂಡಿ ನೋವಿನವಳು, ನನಗೇ ಹಿಡಿಯೋಕಾಗದ ಹಾಗೆ ಓಡಿದಳು. ಅವಳು ಬಾಮೈದನಿಗೆ ಹೇಳಿಕೊಟ್ಟಿದ್ದನ್ನೆಲ್ಲ ನಾನೂ ಓಡ್ತಾನೇ ನೆನೆಸಿಕೊಂಡೆ. ಎಲ್ಲಾ ಹೇಳಿದ್ದಳು, ಕಾಗದ ಸಿಕ್ಕಿಕೊಂಡರೆ ಏನು ಮಾಡಬೇಕು ಅನ್ನೋದೊಂದನ್ನ ಬಿಟ್ಟು. ಎದುರಿಗೆ ಬಂದ ತರಕಾರಿ ಗಾಡಿಯವನು “ಕಣ್ಣು ಕಾಣಲ್ವಾ?” ಅಂತ ಬೈದ. ತಿರುಗಿ ಒಂದು ಮಾತು ಆಡಲಿಲ್ಲ ಅವಳು, ಅವಳಂಥವಳು! ಯಾರ್ಡಿನ ಗೇಟು ಕಂಡಿತು. ಒಳಗೆ ಎಂದಿನ ಹಾಗೇ ಗದ್ದಲ.

ನನಗೇನೂ ಕೇಳಿಸಲಿಲ್ಲ. ಅವಳಿಗೆ ಕೇಳಿಸಿತು. ಓಡ್ತಿದ್ದವಳು ಗೇಟಿನ ಹತ್ತಿರ ತಟ್ಟನೆ ನಿಂತಳು. ಅವಳು ನಿಂತ ಮೇಲೆ, ಕಬ್ಬಿಣ ಬಿದ್ದ ಸದ್ದು ಬಂತು. ಅದು ದಿನಾ ಕೇಳೋ ಸದ್ದೇ. ಆಮೇಲೆ ಒಂದೊಂದಾಗಿ ಮಿಷನ್ನುಗಳೆಲ್ಲ ನಿಂತವು.

ಆಮೇಲೆ ಗೊತ್ತಾಗಿದ್ದು ಇಷ್ಟು. ಬಾಮೈದನಿಗೆ ಅಪ್ಪ ಕೂಗಿದ ತೂಕ ಸರಿಯಾಗಿ ಕೇಳಿಸಿರಲಿಲ್ಲ. “ಏನಂದ್ರಿ?” ಅಂತ ಕೇಳಿದ್ದಾನೆ. ಅಪ್ಪ ಗೋಡೆ ದಾಟಿ ಬಂದಿದ್ದವನು ಮತ್ತೆ ಒಳಗೆ ಹೋಗಿ ಮುಳ್ಳು ನೋಡೋಕೆ ಕತ್ತೆತ್ತಿದ್ದಾನೆ. ಈ ಕಡೆ ಕಿಂಡಿಯಲ್ಲಿ ಕಾಗದ ಮುದುಡಿತ್ತು. ಅಪ್ಪ ಬರೋದರೊಳಗೆ ಸರಿ ಮಾಡೋಣ ಅಂತ ಇವನು ಹಿಡಿ ತಿರುಗಿಸಿದ್ದಾನೆ. ಠಣ್ ಅಂತು. ನಿಧಾನಿಸು ಅಂತ ಹೇಳಿದ್ದು ಕ್ರೇನ್ ಮಾಮನ ತಲೆಗೆ ನೆನಪಿತ್ತಂತೆ, ಕೈಗೆ ನೆನಪಿರಲಿಲ್ಲ. ಅಷ್ಟು ವರ್ಷ ಗಂಟೆ ಕೇಳಿ ಸ್ವಿಚ್ ಆರಿಸಿದ ಕೈ ಅದು. ಮಾಮ ಇದನ್ನ ಹೇಳ್ತಾ ತನ್ನ ಕೈಯನ್ನ ತಾನೇ ಹೊಡ್ಕೊಂಡು ಅತ್ತ. ಬಾಮೈದನೂ ಅತ್ತ. ಅವನ ಮೇಲೆ ನನಗೆ ಸಿಟ್ಟಿಲ್ಲ ಅಂದರೆ ಸುಳ್ಳಾಗುತ್ತೆ.

ಅಪ್ಪನ ಮುಖ ನಮಗೆ ತೋರಿಸಲಿಲ್ಲ.

ವಿಚಾರಣೆಗೆ ಕಾರ್ಖಾನೆ ತಪಾಸಣೆಯ ಅಧಿಕಾರಿ ಬಂದರು. ಅದಕ್ಕೆ ಮುಂಚೆಯೇ ಮ್ಯಾನೇಜರ್ ನಮ್ಮನೆಗೆ ಬಂದು ಸಮಾಧಾನ ಹೇಳೋ ದನಿಯಲ್ಲಿ ಒಂದು ಮಾತು ಹೇಳಿಹೋಗಿದ್ದ. “ಗಂಟೆಯ ಏರ್ಪಾಡು ನಿಮ್ಮ ಯಜಮಾನರದ್ದೇ ಅಂತ ಬಂದ್ರೆ ಕಷ್ಟ ಆಗುತ್ತಮ್ಮ. ಅವರ ತಪ್ಪಿಗೆ ಅವರೇ ಹೊಣೆ ಅಂತಾಗುತ್ತೆ. ಆಮೇಲೆ ಈ ಮನೆ ಬಿಡಿಸದೆ ಇರೋದು ನನ್ನ ಕೈಲಿರಲ್ಲ.” ಅಮ್ಮ ಕೇಳಿಸಿಕೊಂಡಳು. ಚಿಕ್ಕಮ್ಮನೂ ಕೇಳಿಸಿಕೊಂಡಳು.

ಅಧಿಕಾರಿ ಕೇಳಿದರು, “ರಸೀದಿ ಡಬ್ಬಿಯ ಗಂಟೆ ಕೇಳಿ ಮಾಲು ಬಿಡೋ ಪದ್ಧತಿ ಯಾರು ಶುರು ಮಾಡಿದ್ದು?”

ಮ್ಯಾನೇಜರ್, “ನಮ್ಮ ಗಮನಕ್ಕೇ ಬಂದಿಲ್ಲ ಸಾರ್,” ಅಂದ. ನಾಲಿಗೆ ಹೇಗೆ ತಿರುಗಿತೋ ಅವನಿಗೆ! ಕ್ರೇನ್ ಮಾಮ ತಲೆ ತಗ್ಗಿಸಿ ಕೂತಿದ್ದ. ಅಮ್ಮ ಸೆರಗು ಹಿಡ್ಕೊಂಡು ನೆಲ ನೋಡ್ತಿದ್ದಳು.

“ನಾನು ಸಾರ್,” ಅಂದಳು ಚಿಕ್ಕಮ್ಮ. “ನಂದೇ ಯೋಚನೆ. ಭಾವ ಬೇಡ ಅಂದಿದ್ರು. ನಾನೇ ಕೇಳಲಿಲ್ಲ.”

ನಾನು ಎದ್ದು ನಿಂತೆ. ಚಿಕ್ಕಮ್ಮ ನನ್ನ ಕೈ ಹಿಡಿದು ಕೂರಿಸಿದಳು. ಆ ಗಂಟುಕಟ್ಟಿದ ಹೆಬ್ಬೆರಳು ನನ್ನ ಮೂಳೆಗೆ ಒತ್ತಿದ್ದು ಇವತ್ತಿಗೂ ನೆನಪಿದೆ. ಅಮ್ಮ ನೆಲದಿಂದ ಕಣ್ಣೆತ್ತಲಿಲ್ಲ.

ಚಿಕ್ಕಮ್ಮನ ಕೆಲಸ ಹೋಯ್ತು. ಕೋರ್ಟಿಗೂ ಓಡಾಡಬೇಕಾಯ್ತು. ಮನೆ ನಮಗೇ ಉಳೀತು. ಮೊದಮೊದಲು ಅಮ್ಮ ಅವಳಿಗೆ ಊಟ ಬಡಿಸ್ತಿದ್ದಳು, ಮಾತಾಡ್ತಿರಲಿಲ್ಲ. ಆಮೇಲೆ ತಟ್ಟೆ ಕೋಣೆಯ ಬಾಗಿಲ ಹತ್ತಿರ ಇಟ್ಟು ಹೋಗೋಳು. ಒಂದು ಬೆಳಿಗ್ಗೆ ನಲ್ಲಿ ಹತ್ತಿರ ಎದುರು ಮನೆಯವರಿಗೆ ಹೇಳ್ತಿದ್ದದ್ದು ನನ್ನ ಕಿವಿಗೆ ಬಿತ್ತು, “ಒಡಹುಟ್ಟಿದವಳೇ ನನ್ನ ತಾಳಿ ಕಿತ್ಕೊಂಡಳು. ಅವಳ ಬಾಯಲ್ಲೇ ಒಪ್ಪಿಕೊಂಡಿದ್ದಾಳಲ್ಲ.”

ನನಗೆ ತಡೆಯೋಕಾಗಲಿಲ್ಲ. “ಅಮ್ಮಾ, ಏನು ಹೇಳ್ತಿದ್ದೀಯಾ? ಅಪ್ಪನೇ ಅಲ್ವಾ ಗಂಟೆ ವಿಷಯ ಹೇಳಿದ್ದು? ನೀನೇ ತಟ್ಟೆ ಇಡ್ತಾ ಇಂಜಿನಿಯರ್ ಅಂತ ನಕ್ಕಿದ್ದೆ!” ಅಂದೆ. ಅಮ್ಮ ನನ್ನನ್ನ ನೋಡಿದ ರೀತಿಗೆ ಹೆದರಿಕೆ ಆಯ್ತು. ಅವಳು ಸುಳ್ಳು ಹೇಳ್ತಿರಲಿಲ್ಲ. ನಿಜವಾಗಲೂ ನಂಬಿಬಿಟ್ಟಿದ್ದಳು.

ಒಳಗೆ ಬಂದು ಚಿಕ್ಕಮ್ಮನ ಮೇಲೆ ಕೂಗಾಡಿದೆ. “ನೀನಾದ್ರೂ ನಿಜ ಹೇಳೆ! ಎಷ್ಟು ದಿನ ಹೀಗೆ?”

ಅವಳು ಬಟ್ಟೆ ಮಡಚ್ತಿದ್ದಳು. “ಬಿಡೆ. ಅವಳಿಗೆ ಬೈಯೋಕೆ ಯಾರಾದ್ರೂ ಬೇಕು. ಭಾವನ್ನ ಬೈಯೋಕಾಗುತ್ತಾ? ಅವತ್ತು ಬಾಗಿಲಿಗೆ ಅಡ್ಡ ನಿಂತು ನನ್ನ ಬಿಡಲಿಲ್ಲವಲ್ಲ, ಅದು ಅವಳಿಗೆ ನೆನಪಾದ್ರೆ ಬದುಕ್ತಾಳಾ?” ಅಂದಳು. ಮಡಚಿದ ಬಟ್ಟೆಯೆಲ್ಲ ಚೀಲಕ್ಕೆ ತುಂಬಿದಳು. ಆಗಲೇ ನಾನು ಆ ಚೀಲ ನೋಡಿದ್ದು.

ಅವಳು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡಳು. ಅಮ್ಮ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು. ಇಬ್ಬರ ಮಧ್ಯೆ ನಾನು.

“ಅಕ್ಕಾ, ಬರ್ತೀನಿ,” ಅಂದಳು ಚಿಕ್ಕಮ್ಮ.

ಅಮ್ಮ ತಿರುಗಲಿಲ್ಲ. ನನ್ನ ಹೆಸರು ಹಿಡಿದು ಕರೆದು, “ನನಗೆ ತಂಗಿ ಇಲ್ಲ ಅಂತ ಹೇಳು ಅವಳಿಗೆ,” ಅಂದಳು.

ಚಿಕ್ಕಮ್ಮ ನನ್ನನ್ನೇ ನೋಡಿದಳು. “ಆಯ್ತು ಅಂತ ಹೇಳು,” ಅಂದಳು. ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದಳು.